ಅಣ್ಣನನ್ನು ಯಾರೂ ಕೇಳಲಿಲ್ಲ

"ಅಜ್ಜಾರೇ, ನನಗೆ ಸಾಕಾಗಿದೆ. ಆದರೆ ನನ್ನನ್ನು ನೋಡಿಯೇ ಉಳಿದವರು ಗಟ್ಟಿಯಾಗಿ ನಿಂತಿದ್ದಾರೆ. ನನ್ನ ದಣಿವನ್ನು ಅವರಿಂದ ಮುಚ್ಚಿಡುವುದೇ ಸರಿಯಲ್ಲವೇ?"

ಕೇಳಿದವನು ಮೈಲಾರಪ್ಪ. ಮಠದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆಲ್ಲ ಅವನೇ ಹಿರಿಯ. ಮಠದ ಹಿರಿಯರಾದ ಅಜ್ಜ ಪಕ್ಕದ ಚಾಪೆ ತೋರಿಸಿದರು.

"ಕೂತುಕೋ. ಈ ಪ್ರಶ್ನೆ ಕೇಳಿದವರಲ್ಲಿ ನೀನೇ ಮೊದಲನೆಯವನೇನಲ್ಲ. ನನಗೂ ಇವತ್ತು ಮಾತಾಡಲು ಬೇಸರ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದು ಊರು. ಅಲ್ಲಿ ರೈಲಿನ ಗೂಡ್ಸ್ ಶೆಡ್ಡಿನ ಹಿಂದೆ ನಶೆಯ ಸೂಜಿ ಚುಚ್ಚಿಕೊಳ್ಳುವವರು ಸೇರುತ್ತಿದ್ದರು. ಹಮಾಲರು, ಗಾಡಿ ತಳ್ಳುವವರು, ಒಬ್ಬಿಬ್ಬರು ಓದಿದವರೂ ಇದ್ದರು. ಅವರಲ್ಲಿ ಒಬ್ಬ ಹೇಗೋ ಆ ಚಟ ಬಿಟ್ಟ. ಬಿಟ್ಟವನು ಹೊರಟುಹೋಗಬಹುದಿತ್ತು. ಹೋಗಲಿಲ್ಲ. ಒಂದು ಸಂಸ್ಥೆಯವರು ಅವನಿಗೆ ಕೆಲಸ ಕೊಟ್ಟರು. ತನ್ನ ಹಳೆಯ ಜೊತೆಗಾರರ ಬಳಿಗೆ ಹೋಗಬೇಕು, ಬಳಸಿದ ಸೂಜಿ ವಾಪಸ್ಸು ಪಡೆದು ಹೊಸದು ಕೊಡಬೇಕು, ಕೈಕಾಲು ಹುಣ್ಣಾದವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಕಚೇರಿಯವರು ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿಟ್ಟಿದ್ದರು. ಶೆಡ್ಡಿನವರು ಅವನನ್ನು ಅಣ್ಣ ಎಂದರು, ಅಷ್ಟೆ.

ಸೂಜಿ ಕೊಟ್ಟು ಚಟ ಬೆಳೆಸುತ್ತಾನೆ ಎಂದು ಊರವರು ಬೈದರು. ಬೈಯಲಿ, ಬೈಯುವವರಿಗೇನು ಖರ್ಚು? ಒಬ್ಬರ ಸೂಜಿಯನ್ನು ಇನ್ನೊಬ್ಬರು ಚುಚ್ಚಿಕೊಂಡು, ರೋಗ ಹತ್ತಿ ಸತ್ತವರಿಗೆ ಹೆಗಲು ಕೊಟ್ಟವನು ಅವನು. ಊರವರಲ್ಲ. ಅವನೂ ನಿನ್ನ ಹಾಗೇ ಇದ್ದ, ಊಟಕ್ಕೆ ಕೂತರೂ ಯಾರಾದರೂ ಕರೆದರೇನೋ ಎಂದು ಬಾಗಿಲ ಕಡೆ ನೋಡುವ ಜಾತಿ.

ಶೆಡ್ಡಿನವರಿಗೆ ಅವನು ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತು ಹೇಳುತ್ತಿದ್ದ. ಚಟ ಇವತ್ತೇ ಬಿಡಲು ಆಗದಿದ್ದರೆ ಹೋಗಲಿ, ಒಬ್ಬರೇ ಮಾತ್ರ ಇರಬೇಡಿ. ಒಬ್ಬ ಚುಚ್ಚಿಕೊಂಡರೆ ಇನ್ನೊಬ್ಬ ಎಚ್ಚರವಾಗಿ ಪಕ್ಕದಲ್ಲಿ ಕೂರಲಿ. ನಶೆ ಮಿತಿಮೀರಿ ಉಸಿರು ನಿಲ್ಲುವ ಹಾಗಾದರೆ ಅದನ್ನು ಇಳಿಸುವ ಮದ್ದೊಂದಿದೆ. ಅದು ಅವನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಕೊಡುವುದು ಹೇಗೆಂದು ಎಲ್ಲರಿಗೂ ಕಲಿಸಿದ. ಅವರು ಕಲಿತರು, ಒಬ್ಬರನ್ನೊಬ್ಬರು ಉಳಿಸಿಕೊಂಡರು ಕೂಡ.

ವರ್ಷಗಳು ಹೋದವು. ಸಂಸ್ಥೆಯವರು ಸಭೆ ಮಾಡಿದಾಗಲೆಲ್ಲ ಅವನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಇವನನ್ನು ನೋಡಿ, ಇವನಿಂದ ಆದದ್ದು ನಿಮ್ಮಿಂದಲೂ ಆಗುತ್ತದೆ ಎನ್ನುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಒಂದು ವರ್ಷ ಅವನು ತುಂಬ ಹಚ್ಚಿಕೊಂಡಿದ್ದ ಒಬ್ಬ ಹಮಾಲ ಸತ್ತ. ಹೆಣ ಒಯ್ಯಲು ಮನೆಯವರು ಬರಲಿಲ್ಲ. ಅವನೇ ಮಣ್ಣು ಮಾಡಿ ಬಂದ. ಮರುದಿನ ಬೆಳಿಗ್ಗೆ ಚೀಲ ಹಾಕಿಕೊಂಡು ಮತ್ತೆ ಶೆಡ್ಡಿಗೆ ಹೋದ. ಅತ್ತನೋ ಇಲ್ಲವೋ, ಯಾರೂ ನೋಡಲಿಲ್ಲ.

ಅಲ್ಲಿಂದಾಚೆ ಹಳೆಯ ಚಟ ಅವನನ್ನು ಎಳೆಯತೊಡಗಿತು. ತಡೆದುಕೊಂಡ. ತಡೆದೂ ತಡೆದೂ ಒಂದು ದಿನ ಆಗಲಿಲ್ಲ. ಅಣ್ಣನೇ ಹೀಗಾದ ಮೇಲೆ ನಮ್ಮ ಗತಿ ಏನು ಎಂದು ಅವರೆಲ್ಲ ಕೈ ಚೆಲ್ಲುತ್ತಾರೆ ಎಂದುಕೊಂಡ. ಅದಕ್ಕೇ ಶೆಡ್ಡಿನ ಕಡೆ ಹೋಗಲಿಲ್ಲ. ತನ್ನ ಗುರುತು ಯಾರಿಗೂ ಇಲ್ಲದ ಬೀದಿಯಲ್ಲಿ ಲಾಡ್ಜಿನ ಕೋಣೆ ಹಿಡಿದು, ಮಟಮಟ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಂಡ. ವರ್ಷಗಟ್ಟಲೆ ಬಿಟ್ಟಿದ್ದ ಮೈ, ತಾಳಲಿಲ್ಲ. ಉಳಿಸುವ ಮದ್ದು ಚೀಲದಲ್ಲಿತ್ತು, ಚೀಲ ಪಕ್ಕದಲ್ಲೇ ಇತ್ತು. ಉಸಿರು ನಿಲ್ಲುತ್ತಿರುವವನಿಗೆ ಅದನ್ನು ತಾನೇ ತೆಗೆದು ಕೊಟ್ಟುಕೊಳ್ಳಲು ಆಗುತ್ತದೆಯೇ? ಇದನ್ನು ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಮಣ್ಣಿಗೆ ಶೆಡ್ಡಿನವರೆಲ್ಲ ಬಂದರು. ಸಂಸ್ಥೆಯ ಹಿರಿಯನೂ ಬಂದ. "ಇಷ್ಟು ಕಷ್ಟದಲ್ಲಿದ್ದ ಅಂತ ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತಿತ್ತೇನಪ್ಪಾ?" ಎಂದು ಕೇಳಿದ.

ಗಾಡಿ ತಳ್ಳುವವನೊಬ್ಬ ಹೇಳಿದ: "ಎಲ್ಲರಿಗೂ ಗೊತ್ತಿತ್ತು ಸಾರ್. ನಾವು ಇದರಲ್ಲೇ ಇರೋರು, ಮುಖ ನೋಡಿದರೆ ತಿಳಿಯೋದಿಲ್ವಾ? ಸೂಜಿ ಕೊಟ್ಟ ಮೇಲೂ ಅಣ್ಣನ ಕಣ್ಣು ಅದರ ಮೇಲೇ ಇರುತ್ತಿತ್ತು. ಕೇಳಿಬಿಟ್ಟರೆ ಅಣ್ಣನಿಗೆ ಅವಮಾನ ಆಗುತ್ತೆ, ಆಮೇಲೆ ನಮಗೆ ಮುಖ ತೋರಿಸೋದೇ ಕಷ್ಟ ಆಗುತ್ತೆ ಅಂತ ಸುಮ್ಮನಿದ್ದೆವು. ಬಾ ಅಂದಿದ್ದರೆ ನಾನೇ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ."

ಅಜ್ಜ ಕತೆ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ಮೈಲಾರಪ್ಪ ಹೇಳಿದ: "ಆದರೂ ಅಜ್ಜಾರೇ, ಅವನು ಮುಚ್ಚಿಟ್ಟದ್ದು ಅವರ ಒಳ್ಳೆಯದಕ್ಕೇ ಅಲ್ಲವೇ?"

"ಹೌದಪ್ಪ. ಅವರು ಸುಮ್ಮನಿದ್ದದ್ದೂ ಅವನ ಒಳ್ಳೆಯದಕ್ಕೇ."