ಬಾಗಿಲ ಹಿಂದಿನ ಮೇಕೆ

"ಗುರುಗಳೇ, ಸಿಟ್ಟು ಬಂದವನು ಕರಿಬೇವಿನ ಗಿಡಕ್ಕೆ ಒಂದು ಚೊಂಬು ನೀರು ಹಾಕಿ ಬಂದು ಆಮೇಲೆ ಮಾತಾಡಬೇಕು ಎಂದು ಮೊನ್ನೆ ಹೇಳಿದಿರಲ್ಲ, ಅದು ಯಾವ ಗ್ರಂಥದಲ್ಲಿದೆ?" ಎಂದು ಶಿಷ್ಯ ಕೇಳಿದ. ಅವನ ಮುಖ ಕೆಂಪಾಗಿತ್ತು. ಕೈಯಲ್ಲಿ ಖಾಲಿ ಚೊಂಬು ಇತ್ತು.

"ಯಾವುದರಲ್ಲೂ ಇಲ್ಲಪ್ಪ. ಹಲ್ಲುಜ್ಜುವಾಗ ಹೊಳೆಯಿತು. ಗಿಡವೂ ಬಾಡಿತ್ತು" ಎಂದರು ಗುರುಗಳು.

"ನಾನು ಅದನ್ನು ಪಂಡಿತರ ಮುಂದೆ ಹಿರಿಯರ ಮಾತು ಎಂದು ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಹುಟ್ಟಿಸಿಕೊಂಡ ಮಾತಿಗೆ ಏನು ಬೆಲೆ?"

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಂದು ಊರಿನ ನೇಕಾರನ ಮನೆಗೆ ಬಹು ದೂರದಿಂದ ಸೊಸೆ ಬಂದಳು. ಅವಳಿಗೆ ಒಂದು ಅಭ್ಯಾಸವಿತ್ತು. ಹೊರಗಿನಿಂದ ಬಂದಾಗ ಬಾಗಿಲು ತಟ್ಟಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಹೋಗುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದಿದ್ದರೂ, ಬೀಗ ತೆಗೆದವಳು ತಾನೇ ಆಗಿದ್ದರೂ, ತಟ್ಟುತ್ತಿದ್ದಳು.

ಅತ್ತೆ ಕೆಲವು ದಿನ ನೋಡಿದಳು. ಒಂದು ದಿನ ಬೀದಿಯವರ ಮುಂದೆಯೇ ಕೇಳಿದಳು: "ಏನೇ ಇದು? ಒಳಗಿನಿಂದ ಬಾ ತಾಯಿ ಅನ್ನುವುದಕ್ಕೆ ಮಗ್ಗಕ್ಕೆ ಬಾಯಿದೆಯೇ? ನಿನ್ನ ತವರಿನಲ್ಲಿ ಎಲ್ಲರೂ ಹೀಗೆಯೋ, ನೀನೊಬ್ಬಳೋ?"

ಸೊಸೆಗೆ ಕಾರಣ ಗೊತ್ತಿರಲಿಲ್ಲ. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ಅವಳೂ ಮಾಡುತ್ತಿದ್ದಳು. ತಾಯಿ ತೀರಿಕೊಂಡಿದ್ದಳು. ಗೊತ್ತಿಲ್ಲ ಎಂದರೆ ತವರಿನ ಮಾನ ಹೋಗುತ್ತದೆ ಎನಿಸಿತು.

"ನಮ್ಮ ಕಡೆಯ ಹಿರಿಯರು ಹೇಳಿದ್ದು ಅತ್ತೆ. ಬೆಳಗ್ಗೆ ಮನೆಯಲ್ಲಿ ಬಿಟ್ಟುಹೋದ ಜಗಳ ಒಳಗೇ ಕೂತಿರುತ್ತದಂತೆ. ಅದು ಹಿತ್ತಿಲ ಬಾಗಿಲಿನಿಂದ ಹೊರಟು ಹೋಗಲಿ ಅಂತ ಸ್ವಲ್ಪ ಹೊತ್ತು ಕೊಡಬೇಕಂತೆ" ಎಂದಳು.

ಅತ್ತೆ ಹೌದೆನ್ನುವಂತೆ ತಲೆಯಾಡಿಸಿ ಒಳಗೆ ಹೋದಳು.

ಪಕ್ಕದ ಮನೆಯಲ್ಲಿ ಒಬ್ಬ ಬಡಗಿ ಇದ್ದ. ಅವನೂ ಈ ಮಾತು ಕೇಳಿದ. ಅವನ ಕೈ ಒಳ್ಳೆಯದು, ನಾಲಿಗೆ ಕೆಟ್ಟದ್ದು. ಹೊರಗಿನ ಸಿಟ್ಟನ್ನೆಲ್ಲ ಮನೆಗೆ ತಂದು ಹೆಂಡತಿಯ ಮೇಲೆ ಸುರಿಯುತ್ತಿದ್ದ. ಇನ್ನೊಂದು ಸಲ ಬೈದರೆ ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಅವಳು ಸೀರೆಗಳನ್ನು ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದ್ದಳು.

ಆ ಸಂಜೆ ಬಡಗಿಯ ಉಳಿ ಮುರಿದಿತ್ತು. ಹಲ್ಲು ಕಚ್ಚಿಕೊಂಡು ಬಂದವನಿಗೆ ನೇಕಾರರ ಸೊಸೆಯ ಮಾತು ನೆನಪಾಯಿತು. ತಾನೇ ಮಾಡಿದ ಬಾಗಿಲು, ಅದನ್ನು ತಾನೇ ತಟ್ಟಿ ನಿಂತ.

"ಯಾರು?" ಎಂದಳು ಹೆಂಡತಿ.

"ನಾನೇ."

"ನಿಮ್ಮ ಮನೆಗೆ ನೀವೇ ನೆಂಟರಾದಿರಾ?"

ಅವನಿಗೆ ನಗು ಬಂತು. ಉಳಿ ಮುರಿದ ಸಂಗತಿಯನ್ನು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ. ಅವಳು ಅಂದು ತವರಿಗೆ ಹೋಗಲಿಲ್ಲ. ಮರುದಿನವೂ ಅವನು ತಟ್ಟಿದ. ಗಂಟು ಮಾತ್ರ ಗೂಟದಲ್ಲೇ ಉಳಿಯಿತು. ಅವಳು ಅದನ್ನು ಬಿಚ್ಚಲೂ ಇಲ್ಲ, ಇಳಿಸಲೂ ಇಲ್ಲ.

ನಿಧಾನವಾಗಿ ಬೀದಿಯವರೆಲ್ಲ ತಟ್ಟತೊಡಗಿದರು. ಸಂಜೆಯಾದರೆ ಆ ಬೀದಿಯಲ್ಲಿ ಟಕಟಕ ಸದ್ದು ಕೇಳುತ್ತಿತ್ತು.

ವರ್ಷಗಳು ಕಳೆದವು. ನೇಕಾರರ ಸೊಸೆಯ ಅಣ್ಣ ತಂಗಿಯನ್ನು ನೋಡಲು ಬಂದ. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಆ ಸದ್ದು ಕೇಳಿ ಏನೆಂದು ವಿಚಾರಿಸಿದ. ಅತ್ತೆ ಹೆಮ್ಮೆಯಿಂದ, "ನಿಮ್ಮ ಕಡೆಯ ಪದ್ಧತಿಯೇ ಅಲ್ಲವೇನಪ್ಪ!" ಎಂದು ಎಲ್ಲವನ್ನೂ ವಿವರಿಸಿದಳು.

ಅಣ್ಣ ಕೆಮ್ಮು ಬರುವಷ್ಟು ನಕ್ಕ.

"ಪದ್ಧತಿಯೂ ಇಲ್ಲ, ಹಿರಿಯರೂ ಇಲ್ಲ. ನಮ್ಮವ್ವ ಒಂದು ಮೇಕೆ ಸಾಕಿದ್ದಳು. ಅದು ಬಾಗಿಲಿಗೆ ಒರಗಿಯೇ ಮಲಗುತ್ತಿತ್ತು. ದಡಕ್ಕನೆ ತೆರೆದರೆ ಎದ್ದು ಹಾಯುತ್ತಿತ್ತು. ಅದು ಎದ್ದು ಆಚೆ ಹೋಗಲಿ ಅಂತ ಅವ್ವ ತಟ್ಟುತ್ತಿದ್ದಳು. ಮೇಕೆ ಸತ್ತ ಮೇಲೂ ಅವಳ ಕೈ ಮರೆಯಲಿಲ್ಲ. ನೀನು ಆಮೇಲೆ ಹುಟ್ಟಿದವಳಲ್ಲವೇನೇ ತಂಗಿ, ನಿನಗೆಲ್ಲಿ ಗೊತ್ತು!"

ಜಗಲಿಯಲ್ಲಿ ಕೂತವರು ಸೊಸೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿ, "ಕಾರಣ ಗೊತ್ತಿರಲಿಲ್ಲ. ಆ ಮಾತು ನಾನೇ ಹುಟ್ಟಿಸಿದ್ದು" ಎಂದಳು.

"ಅಯ್ಯೋ, ಇಷ್ಟು ವರ್ಷ ಇಡೀ ಬೀದಿ ಸತ್ತ ಮೇಕೆಗೆ ದಾರಿ ಬಿಟ್ಟಿತೇ!" ಎಂದಳು ಅತ್ತೆ.

ಎಲ್ಲರೂ ನಕ್ಕರು. ಬಡಗಿಯೂ ಅಲ್ಲೇ ಕೂತಿದ್ದ. ಅವನೊಬ್ಬ ನಗಲಿಲ್ಲ.

"ಏನಪ್ಪ ಬಡಗಿ, ಆ ಮೇಕೆಗೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಕೊಟ್ಟವನು ನೀನೇ" ಎಂದು ಒಬ್ಬ ಛೇಡಿಸಿದ.

ಬಡಗಿ ಟವೆಲ್ ಕೊಡವಿ ಎದ್ದ. ಅವನ ಹಳೆಯ ಸಿಟ್ಟೆಲ್ಲ ಮುಖಕ್ಕೆ ಬಂದಿತ್ತು. ಬಿರುಸಾಗಿ ಮನೆಯ ಕಡೆ ನಡೆದ.

ಗೋಡೆಯ ಆಚೆ ಅವನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವನ ಹೆಜ್ಜೆಯ ಸದ್ದಿನಲ್ಲೇ ಅವನ ಮನಸ್ಸು ಅವಳಿಗೆ ತಿಳಿಯಿತು. ಅವಳು ಗೂಟದ ಗಂಟನ್ನು ನೋಡಿದಳು. ಎದ್ದು ಅದರ ಮೇಲೆ ಕೈ ಇಟ್ಟಳು.

ಹೆಜ್ಜೆಗಳು ಬಾಗಿಲ ಮುಂದೆ ನಿಂತವು. ಬೀದಿಯವರ ನಗುವೂ ನಿಂತಿತು.

ಬಡಗಿ ಬಾಗಿಲನ್ನು ನೂಕಲು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದ. ಆಮೇಲೆ ತಟ್ಟಿದ.

ಒಳಗಿನಿಂದ ಹೆಂಡತಿ ಕೂಗಿದಳು: "ಮೇಕೆ ಎದ್ದು ಆಚೆ ಹೋಯಿತು. ಬನ್ನಿ."

ಅಂದು ರಾತ್ರಿ ಅವಳು ಗಂಟನ್ನು ಇಳಿಸಿ ಸೀರೆಗಳನ್ನು ಪೆಟ್ಟಿಗೆಯಲ್ಲಿ ಇಟ್ಟಳು. ಆ ಗೂಟಕ್ಕೆ ಬಡಗಿ ತನ್ನ ಟವೆಲ್ ನೇತುಹಾಕಿದ.

ಗುರುಗಳು ಕತೆ ಮುಗಿಸಿದರು.

"ಆದರೂ ಗುರುಗಳೇ, ಆ ಹೆಂಗಸಿನ ಮಾತು ಯಾವ ಗ್ರಂಥದಲ್ಲೂ ಇರಲಿಲ್ಲವಲ್ಲ" ಎಂದ ಶಿಷ್ಯ.

ಗುರುಗಳು ಅವನ ಕೈಯಲ್ಲಿದ್ದ ಚೊಂಬನ್ನು ನೋಡಿ ಹೇಳಿದರು: "ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೊರಟವನು, ಯಾವ ಗ್ರಂಥ ನೋಡಿ ಕರಿಬೇವಿನ ಗಿಡಕ್ಕೆ ನೀರು ಹಾಕಿ ಬಂದೆ?"