ಕೆರೆಯಡಿಯ ಅದಿರು

ಎರಡು ಸಂಸ್ಥಾನಗಳ ಗಡಿಯಲ್ಲಿ ಒಂದು ಕುರುಚಲು ಕಾಡು. ಅಲ್ಲಿ ಚಿನ್ನವಿದೆ ಎಂಬ ಸುದ್ದಿ ಹಬ್ಬಿ ಜನ ಬಂದರು. ಊರು ಎದ್ದಿತು. ಹೊನ್ನಾರಹಟ್ಟಿ ಎಂದು ಹೆಸರಾಯಿತು.

ಮೌನೇಶಾಚಾರಿಗಳು ಬಂದಾಗ ಅಲ್ಲಿ ಒಂದು ಮನೆಗೂ ಗೋಡೆ ಇರಲಿಲ್ಲ. ಅವರು ಬೇವಿನ ಮರದ ಕೆಳಗೆ ಕುಲುಮೆ ಹೂಡಿದರು. ಅಗೆಯುವವರು ಅದಿರು ತಂದು ಅವರ ಮುಂದೆ ಸುರಿಯುತ್ತಿದ್ದರು.

ಅದಿರನ್ನು ಪುಡಿ ಮಾಡಿ, ಸೀಸ ಬೆರೆಸಿ ಮೂಸೆಯಲ್ಲಿ ಕರಗಿಸುವುದು. ಆಮೇಲೆ ಮೂಳೆ ಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕಾಸುವುದು. ಬೂದಿ ಸೀಸವನ್ನು ಹೀರಿಕೊಳ್ಳುತ್ತದೆ. ಚಿನ್ನವಿದ್ದರೆ ಬಟ್ಟಲ ತಳದಲ್ಲಿ ಒಂದು ಮಣಿ ಉಳಿಯುತ್ತದೆ.

ಆಚಾರಿಗಳು "ಐತಿ" ಎಂದರೆ ಜನ ಅಗೆಯುತ್ತಿದ್ದರು. "ಇಲ್ಲ" ಎಂದರೆ ಗುದ್ದಲಿ ಹೊತ್ತು ಬೇರೆ ಕಡೆ ಹೋಗುತ್ತಿದ್ದರು. ಕುಲುಮೆಗೆ ಮಾಡು ಬಂತು, ಆಮೇಲೆ ಗೋಡೆ ಬಂತು. ಪಂಪಣ್ಣನೆಂಬ ನೇಕಾರ ಮಗ್ಗ ಬಿಟ್ಟು ಬಂದು ಅವರ ಶಿಷ್ಯನಾದ.

ಎದುರು ಸಾಲಿನಲ್ಲಿ ವೀರಣ್ಣನೆಂಬ ಇನ್ನೊಬ್ಬ ಅದಿರು ಪರೀಕ್ಷೆ ಮಾಡುತ್ತಿದ್ದ. ಊರಿನ ಒಡೆಯ ಜಡಿಯಪ್ಪ ನಾಯಕ ತೋಡಿಸಿದ್ದ ಕುಣಿಯಲ್ಲಿ ಏನೂ ಇಲ್ಲ ಎಂದು ಅವನು ಒಮ್ಮೆ ಹೇಳಿಬಿಟ್ಟ. ಮರುದಿನ ನೋಡಿದರೆ ಅವನ ಮನೆಯ ಬಾಗಿಲು ತೆರೆದೇ ಇತ್ತು. ಒಲೆಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಒಳಗೆ ಯಾರೂ ಇರಲಿಲ್ಲ.

ವೀರಣ್ಣ ಏನಾದ ಎಂದು ಯಾರೂ ಕೇಳಲಿಲ್ಲ. ಆ ಬಾಗಿಲ ಮುಂದೆ ಹಾದುಹೋಗುವಾಗ ಜನ ಮಾತು ನಿಲ್ಲಿಸುತ್ತಿದ್ದರು.

ಕಾಲ ಕಳೆಯಿತು. ಹಳೆಯ ಕುಣಿಗಳು ಬರಿದಾದವು. ಜನ ಗಂಟು ಕಟ್ಟತೊಡಗಿದರು. ಜನ ಹೋದರೆ ಊರಿಲ್ಲ; ಊರಿಲ್ಲದಿದ್ದರೆ ನಾಯಕನೂ ಇಲ್ಲ. ಅವನು ಕೆರೆಯ ಅಡಿಗೆ ಹೊಸ ಕುಣಿ ತೋಡಿಸಿದ. ಆದರೆ ಅವನ ಮಾತು ನಂಬಿ ಯಾರೂ ಇಳಿಯಲಿಲ್ಲ. ಆಚಾರಿಗಳು ಹೇಳಲಿ ಎಂದು ಕಾದರು.

ನಾಯಕನ ಕಾರಭಾರಿ ಭರಮಗೌಡ ಆ ಕುಣಿಯ ಒಂದು ಚೀಲ ಅದಿರು ತಂದು ಕುಲುಮೆಯ ಮುಂದೆ ಇಳಿಸಿದ.

"ಆಚಾರ್ರೇ, ಸಂತಿ ದಿನ ಎಲ್ಲಾರ ಎದುರಿಗೆ ಹೇಳಬೇಕು. ಚಲೋ ಸುದ್ದೀನ ಹೇಳತೀರಿ ಅಂತ ನಾಯಕರು ನಂಬ್ಯಾರ."

"ಸುದ್ದಿ ನಂದಲ್ರೀ ಗೌಡ್ರ. ಮಣ್ಣಿಂದು."

ಭರಮಗೌಡ ನಗಲಿಲ್ಲ. ಪಂಪಣ್ಣನ ಕಡೆ ತಿರುಗಿದ.

"ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ? ಮಗಳು ಈಗ ನಡೀತಾಳಂತ."

ಅಷ್ಟು ಕೇಳಿ ಹೋದ.

ಆಚಾರಿಗಳು ಚೀಲವನ್ನು ಶಿಷ್ಯನ ಕಡೆ ಸರಿಸಿದರು. "ನೀನ ಮಾಡು."

ಪಂಪಣ್ಣ ಮಾಡಿದ. ಬಟ್ಟಲಲ್ಲಿ ಏನೂ ಉಳಿಯಲಿಲ್ಲ. ಮತ್ತೊಮ್ಮೆ ಮಾಡಿದ. ಏನೂ ಇಲ್ಲ.

"ಗುರುಗಳೇ, ಬಟ್ಟಲ ಖಾಲಿ. ಏನು ಹೇಳೂದು?"

"ಬಟ್ಟಲ ಏನು ಹೇಳತೈತಿ?"

ಪಂಪಣ್ಣ ಮನೆಗೆ ಬಂದ. ಇನ್ನೂ ಬಿಸಿಲಿತ್ತು, ಆದರೂ ಬಾಗಿಲಿಗೆ ಅಗಳಿ ಬಿದ್ದಿತ್ತು. ಹೆಂಡತಿ ಸಂಗವ್ವ ಅವನ ದನಿ ಕೇಳಿದ ಮೇಲೆಯೇ ತೆಗೆದಳು. ಮಗು ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ.

"ಕುದುರಿ ಮ್ಯಾಲ ಇಬ್ಬರು ಬಂದಿದ್ರು" ಎಂದಳು. "ಏನೂ ಕೇಳಲಿಲ್ಲ. ಬಾಗಲ ಮುಂದ ನಿಂತು ಹೋದ್ರು."

ಅವನು ಎಲ್ಲವನ್ನೂ ಹೇಳಿದ. ಅವಳು ಕಿವಿಯ ಚಿನ್ನದ ಬೆಂಡೋಲೆ ಬಿಚ್ಚಿದಳು.

"ಇದರಾಗ ಒಂದು ಚೂರು ಸಾಕಾಗತೈತೇನು?"

ಕುಲುಮೆಯಲ್ಲಿ ಆ ಚೂರು ಅದಿರಿನ ಜೊತೆ ಕರಗಿತು. ಬೂದಿ ಸೀಸವನ್ನು ಹೀರಿತು. ಈ ಸಲ ತಳದಲ್ಲಿ ಒಂದು ಮಣಿ ಹೊಳೆಯಿತು. ಪಂಪಣ್ಣ ಅದನ್ನು ಗುರುಗಳ ಅಂಗೈಗೆ ಹಾಕಿದ.

ಆಚಾರಿಗಳು ಒರೆಗಲ್ಲಿಗೆ ತಿಕ್ಕಿ, ಬಹಳ ಹೊತ್ತು ನೋಡಿದರು.

"ಈ ನೆಲದ ಚಿನ್ನದಾಗ ಬೆಳ್ಳಿ ಕೂಡಿರತೈತಿ. ಬಿಳಿಚಿಕೊಂಡಿರತೈತಿ. ಇದು ಅರಿಷಿಣದಂಗ ಐತಿ. ಯಾರೋ ಒಮ್ಮೆ ಶುದ್ಧ ಮಾಡಿದ್ದು."

ಅವರು ಶಿಷ್ಯನ ಕಡೆ ತಿರುಗಿದರು.

"ಸಂಗವ್ವನ ಕಿವಿ ಬರಿದಾಗೇತೇನು?"

ಅವನು ಅಲ್ಲೇ ಕುಸಿದು ಕುಳಿತ. "ಅಂಜಿಕಿ ಆಗೇತ್ರಿ. ವೀರಣ್ಣನ ಬಾಗಲ ಕಣ್ಣ ಮುಂದ ಬರತೈತಿ."

"ನನಗೂ ಬರತೈತಿ" ಎಂದರು ಆಚಾರಿಗಳು. "ಏಳು. ನನ್ನ ಜೋಡಿ ಬಾ."

ಕೆರೆಯಡಿಯ ಕುಣಿಯ ಬಾಯಲ್ಲಿ ಜನ ಸಂಸಾರ ಸಮೇತ ಕುಳಿತಿದ್ದರು. ಆಚಾರಿಗಳನ್ನು ಕಂಡು ಎದ್ದು ನಿಂತರು. ಇಬ್ಬರೂ ಹಗ್ಗದ ಏಣಿಯಲ್ಲಿ ಇಳಿದರು. ತಳದಲ್ಲಿ ಕೈದೀಪದ ಬೆಳಕು ಒಂದು ಮೊಳ ದೂರಕ್ಕೂ ಹೋಗಲಿಲ್ಲ.

ಆಚಾರಿಗಳು ಶಿಷ್ಯನ ಅಂಗೈ ಹಿಡಿದು ತಲೆಯ ಮೇಲಿನ ಬಂಡೆಗೆ ಒತ್ತಿದರು. ಬಂಡೆ ತಣ್ಣಗಿತ್ತು, ಒದ್ದೆಯಾಗಿತ್ತು. ಅದರ ಆಚೆ ಏನೋ ಮೆಲ್ಲನೆ ಹೊರಳುತ್ತಿತ್ತು. ಒಂದು ಬೆಣಚು ಕಲ್ಲು ಕಳಚಿ ಅವನ ಹೆಗಲ ಮೇಲೆ ಬಿತ್ತು. ಹಿಂದೆಯೇ ನೀರು ತೊಟ್ಟಿಕ್ಕಿತು.

"ಕೆರಿ" ಎಂದರು ಆಚಾರಿಗಳು. "ನಿನ್ನ ಮಣಿ ತೋರಿಸಿದರ ಮ್ಯಾಲ ಕುಂತವರೆಲ್ಲ ಇಲ್ಲಿಗೆ ಇಳೀತಾರ."

"ಗುರುಗಳೇ, ಮ್ಯಾಲ ಹೋಗೂನ್ರಿ."

"ತಡಿ."

"ಬಂಡೆಗಲ್ಲು ಸದ್ದು ಮಾಡಾಕತ್ತೈತ್ರಿ."

"ವೀರಣ್ಣನ ಬಾಗಲದಾಗ ಒಂದು ಅಂಜಿಕಿ ನೋಡಿದಿ. ಇಲ್ಲಿ ಒಂದೈತಿ. ಇದನ್ನೂ ಸರಿಯಾಗಿ ನೋಡು."

ಪಂಪಣ್ಣ ನೋಡಿದ. ಇಬ್ಬರೂ ಮೇಲೆ ಬಂದರು. ಆಚಾರಿಗಳು ಮಣಿಯನ್ನು ಅವನ ಕೈಗೆ ಹಿಂದಿರುಗಿಸಿದರು.

"ಸಂಗವ್ವಗ ಕೊಡು. ಸಂತ್ಯಾಗ ನೀನ ಹೇಳು."

"ಏನಂತ ಹೇಳ್ಲಿ?"

ಆಚಾರಿಗಳು ಮುಂದೆ ನಡೆದುಬಿಟ್ಟರು.

ಸಂತೆಯ ಕಟ್ಟೆಯ ಮೇಲೆ ಭರಮಗೌಡ ನಿಂತಿದ್ದ. ಅವನ ಎರಡೂ ಬದಿಗೆ ನಾಯಕನ ಆಳುಗಳು ಈಟಿ ಹಿಡಿದು ನಿಂತಿದ್ದರು.

"ಹೊಸ ಕುಣ್ಯಾಗ ಭಾಗ್ಯ ಐತಿ" ಎಂದು ಅವನು ಗಟ್ಟಿಯಾಗಿ ಸಾರಿದ. "ಹೇಳಪಾ ಪಂಪಣ್ಣ."

ಪಂಪಣ್ಣ ಕಟ್ಟೆ ಹತ್ತಿದ. ಜನರ ನಡುವೆ ಮಗುವನ್ನು ಎತ್ತಿಕೊಂಡ ಸಂಗವ್ವ ಕಂಡಳು. ಅವಳ ಪಕ್ಕದಲ್ಲಿ ಗುರುಗಳಿದ್ದರು.

"ಏನೂ ಇಲ್ಲ" ಎಂದ. ದನಿ ಆಡುಮರಿಯ ದನಿಯಂತೆ ನಡುಗುತ್ತ ಬಂತು. "ಆ ಕುಣ್ಯಾಗ ಏನೂ ಇಲ್ಲ. ಮ್ಯಾಲ ನೀರೈತಿ. ಇಳೀಬ್ಯಾಡ್ರಿ."

"ವಿಚಾರ ಮಾಡಿ ಇನ್ನೊಮ್ಮೆ ಹೇಳು" ಎಂದ ಭರಮಗೌಡ.

"ಏನೂ ಇಲ್ರೀ" ಎಂದ ಪಂಪಣ್ಣ. ಈ ಸಲ ದನಿ ಅರ್ಧಕ್ಕೇ ಒಡೆಯಿತು.

ಒಬ್ಬ ಹೆಂಗಸು ಬುಟ್ಟಿಯನ್ನು ತಲೆಗೇರಿಸಿ ಗಂಡನ ಕೈ ಎಳೆದಳು. ಅವಳ ಹಿಂದೆ ಇನ್ನೊಂದು ಸಂಸಾರ ಹೊರಟಿತು. ಆಮೇಲೆ ಇಡೀ ಸಂತೆ ಕದಲಿತು. ಆಳುಗಳು ಭರಮಗೌಡನ ಮುಖ ನೋಡಿದರು. ಅಷ್ಟು ಜನರನ್ನು ತಡೆಯುವುದು ಹೇಗೆಂದು ಅವನಿಗೂ ತೋಚಲಿಲ್ಲ.

ಆಚಾರಿಗಳು ಬಂದು ಪಂಪಣ್ಣನ ರಟ್ಟೆ ಹಿಡಿದರು. "ಜನರ ನಡುವ ನಡಿ. ಅಂಚಿಗೆ ಹೋಗಬ್ಯಾಡ."

"ಕುಲುಮಿ?"

"ಮಣ್ಣು ಎಲ್ಲಾ ಕಡೆ ಸಿಗತೈತಿ."

ಗಡಿಯ ಹೊಳೆ ದಾಟುವ ಹೊತ್ತಿಗೆ ಹಿಂದೆ ಹೊಗೆ ಎದ್ದಿತ್ತು. ಅದು ಕುಲುಮೆಯ ಮಾಡು ಸುಡುವ ಹೊಗೆ ಎಂದು ಇಬ್ಬರಿಗೂ ತಿಳಿಯಿತು.

ಆಚೆಯ ಸಂಸ್ಥಾನದಲ್ಲಿ ಹುಣಸೆಯ ನೆರಳಿಗೆ ಹೊಸ ಕುಲುಮೆ ಹೂಡಿದರು. ಮಳೆಗಾಲದಲ್ಲಿ ಸುದ್ದಿ ಬಂತು: ಕೆರೆ ಒಡೆದು ಕುಣಿಗೆ ನುಗ್ಗಿದೆ. ಒಳಗೆ ಯಾರೂ ಇರಲಿಲ್ಲ.

ಆದರೂ ಕುದುರೆಯ ಸಪ್ಪಳ ಕೇಳಿದರೆ ಗಾಳಿ ಊದುವ ತಿದಿಯ ಮೇಲೆ ಪಂಪಣ್ಣನ ಕೈ ನಿಂತುಬಿಡುತ್ತಿತ್ತು. ಒಂದು ದಿನ ಹಾಗೆ ನಿಂತ ಕೈಯನ್ನು ನೋಡಿಕೊಂಡು ಅವನು ಕೇಳಿದ.

"ಗುರುಗಳೇ, ಅವತ್ತು ಭರಮಗೌಡನ ದನಿ ಗಟ್ಟಿ ಇತ್ತು. ನಾನು ನಡುಗಾಕತ್ತಿದ್ದೆ. ಆದ್ರೂ ಜನ ನನ್ನ ಮಾತು ಹ್ಯಾಂಗ ನಂಬಿದ್ರು?"

"ನಡುಗುತ್ತ ಹೇಳಿದಿ" ಎಂದರು ಆಚಾರಿಗಳು. "ಅದಕ್ಕ ನಂಬಿದ್ರು."