ಒಂದಕ್ಕೆ ಕೋಳ

ಯಾರೂ ಭಾಗಿಸಲಾಗದ ದೊಡ್ಡ ಸಂಖ್ಯೆಯೊಂದು ತನಗೆ ಬಿರುದಾಗಬೇಕೆಂದು ಬೋಡಿಕಟ್ಟೆಯ ಪಾಳೆಯಗಾರ ಮುದ್ದುವೀರನಾಯಕ ಹಟ ಹಿಡಿದ. ಆಸ್ಥಾನದ ಜೋಯಿಸರು ಬೆವರು ಸುರಿಸಿ ಲೆಕ್ಕ ಹಾಕಿದರು.

"ಹತ್ತು ಲಕ್ಷದ ಮೂರು, ಪ್ರಭು. ಎರಡು, ಏಳು, ಹನ್ನೊಂದು ಯಾವುದಕ್ಕೂ ಬಗ್ಗುವುದಿಲ್ಲ. ತನ್ನನ್ನು ಬಿಟ್ಟರೆ ಒಂದು ಮಾತ್ರ ಅದನ್ನು ಭಾಗಿಸೀತು."

ನಾಯಕ ಕೆರಳಿದ. "ಆ ಒಂದಕ್ಕೆ ಎಷ್ಟು ಸೊಕ್ಕು! ಎಲೈ ಕಾವಲಿನವನೇ, ಒಂದು ಎಲ್ಲಿ ಕಂಡರೂ ಕೋಳ ಹಾಕು. ತಪ್ಪಿದರೆ ಆ ಕೋಳ ನಿನಗೇ!"

ಕಾವಲಿನವ ಕೋಳ ತಂದು ತಲೆಬಾಗಿ ನಿಂತ. "ಅಪ್ಪಣೆ, ಬುದ್ಧಿ. ಈ ಸೀಮೆಗೆ ಪಾಳೆಯಗಾರರು ಎಷ್ಟು ಮಂದಿ?"

"ಎಷ್ಟು ಮಂದಿ ಎಂದು ಕೇಳುತ್ತೀಯೇನೋ, ಮೂಢ! ನಾನೊಬ್ಬನೇ!"

"ಹಾಗಾದರೆ ಕೈ ಚಾಚಿ, ಬುದ್ಧಿ."

ನಾಯಕ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೂಗಿದ: "ಜೋಯಿಸರೇ, ಬೇಗ! ಅರ್ಧ ಸೀಮೆ ನನ್ನ ತಮ್ಮನಿಗೆ ಕೊಟ್ಟು ನಮ್ಮನ್ನು ಇಬ್ಬರು ಮಾಡಿ!"